ಪದಚರ್ಚೆ: ಫುಟ್‌ಬಾಲ್ ಸುದ್ದಿಯಲ್ಲಿ ‘ಆಮಿಷ’ಕ್ಕೆ ಬದಲು ಯಾವ ಪದ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು. ಪದ ಹೊಸದೇನಲ್ಲ, ‘ಆಮಿಷ’. ಅದನ್ನು ನಾವು ಈಗ ಬಳಸುತ್ತಿರುವ ಒಂದು ಜಾಗ ಸರಿಯಿಲ್ಲ ಅಂತ ನನಗೆ ಅನ್ನಿಸತೊಡಗಿದೆ.

ನಾನು ನಮ್ಮೂರಿನ ಹೈಸ್ಕೂಲ್ ಮಕ್ಕಳಿಗಾಗಿ ಫುಟ್‌ಬಾಲ್ ಸುದ್ದಿಯನ್ನು ಕನ್ನಡದಲ್ಲಿ ಬರೆದು ಕೊಡುತ್ತೇನೆ. ಎರಡು ಪುಟ, ಜೆರಾಕ್ಸ್ ಮಾಡಿ ಹಂಚುವುದು. ಹೋದ ತಿಂಗಳು 2023ರ ಕಥೆ ಬರೆದೆ. ಆ ವರ್ಷ ಸೌದಿ ಅರೇಬಿಯಾದ ಕ್ಲಬ್‌ಗಳು ಯುರೋಪಿನ ದೊಡ್ಡ ದೊಡ್ಡ ಆಟಗಾರರನ್ನು ಕರೆಸಿಕೊಂಡ ಕಥೆ. ಸುಮ್ನೆ ಕೈಗೆ ಬಂದ ಹಾಗೆ ‘ಸೌದಿ ಕ್ಲಬ್‌ಗಳು ಕೋಟಿ ಕೋಟಿ ಆಮಿಷ ಒಡ್ಡಿದವು’ ಎಂದು ಬರೆದಿದ್ದೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಕೇಳಿದಳು: ‘ಸಾರ್, ಆಮಿಷ ಅಂದ್ರೆ ಮೋಸ ಅಲ್ವಾ? ಬೆಂಜೆಮಾಗೆ ಯಾರು ಮೋಸ ಮಾಡಿದ್ರು?’

ನನಗೆ ಉತ್ತರ ಹೊಳೆಯಲಿಲ್ಲ. ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಫ್ರಾನ್ಸಿನ ಆಟಗಾರ ಕರೀಂ ಬೆಂಜೆಮಾಗೆ ಆಗ 35 ವರ್ಷ. ಹಿಂದಿನ ವರ್ಷವಷ್ಟೇ, ಜಗತ್ತಿನ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಗೆದ್ದಿದ್ದ. ರಿಯಲ್ ಮ್ಯಾಡ್ರಿಡ್‌ನಲ್ಲಿ 14 ವರ್ಷ ಆಡಿ, ಕರಾರು ಮುಗಿಸಿ, ಸೌದಿಯ ಅಲ್ ಇತ್ತಿಹಾದ್ ಸೇರಿದ. ಯಾರೂ ಅವನ ಕಣ್ಣಿಗೆ ಮಣ್ಣೆರಚಲಿಲ್ಲ.

ಆಮಿಷ ಎಂಬ ಸಂಸ್ಕೃತ ಪದಕ್ಕೆ ಮೊದಲ ಅರ್ಥ ಮಾಂಸ. ಬಂಗಾಳಿಯಲ್ಲಿ ಇವತ್ತಿಗೂ ಮಾಂಸಾಹಾರಕ್ಕೆ ಇದೇ ಪದ. ಬಲೆಗೋ ಗಾಳಕ್ಕೋ ಇಡುವ ಮಾಂಸದ ತುಂಡೂ ಆಮಿಷವೇ. ಕನ್ನಡದಲ್ಲಿ ಊಟದ ಅರ್ಥ ಬಿದ್ದುಹೋಗಿ ಗಾಳದ ಅರ್ಥ ಮಾತ್ರ ಉಳಿಯಿತು. ಅದರ ಜೊತೆ ಬರುವ ಕ್ರಿಯಾಪದಗಳನ್ನೇ ನೋಡಿ. ಆಮಿಷ ಒಡ್ಡುತ್ತಾರೆ, ಬಲೆ ಒಡ್ಡಿದ ಹಾಗೆ. ಆಮಿಷಕ್ಕೆ ಬಲಿಯಾಗುತ್ತಾರೆ. ಅಂದರೆ ಪದದೊಳಗೇ ಒಬ್ಬ ಬೇಟೆಗಾರ, ಒಂದು ಮೀನು ಇದ್ದಾರೆ. ಮೀನು ಸಾಯುತ್ತದೆ ಅನ್ನುವುದೂ ಅಲ್ಲೇ ಇದೆ.

ದಿನಪತ್ರಿಕೆಯಲ್ಲಿ ಈ ಪದ ಎಲ್ಲಿ ಸಿಗುತ್ತದೆ? ಮತದಾರರಿಗೆ ಆಮಿಷ. ಶಾಸಕರಿಗೆ ಆಮಿಷ. ಕೆಲಸ ಕೊಡಿಸುವ ಆಮಿಷ ಒಡ್ಡಿ ವಂಚನೆ. ಮೂರರಲ್ಲೂ ಒಂದು ತಪ್ಪು ನಡೆದಿದೆ. ಇಲ್ಲೆಲ್ಲ ಪದ ಸರಿಯಾಗಿದೆ, ಗಟ್ಟಿಯಾಗಿದೆ. ಕ್ರೀಡಾ ಪುಟಕ್ಕೆ ಬಂದಾಗಲೂ ಅದು ಆ ಕಳಂಕವನ್ನು ಹೊತ್ತುಕೊಂಡೇ ಬರುತ್ತದೆ. ಸುದ್ದಿ ಹೇಳುವ ಮೊದಲೇ ತೀರ್ಪು ಹೇಳಿಬಿಡುತ್ತದೆ.

ಅದಕ್ಕಿಂತ ಜಾಸ್ತಿ ನನ್ನನ್ನು ಕಾಡಿದ್ದು, ಈ ತೀರ್ಪು ಎಲ್ಲರಿಗೂ ಒಂದೇ ಅಲ್ಲ ಅನ್ನುವುದು. ನೇಮಾರ್ ಒಬ್ಬನನ್ನೇ ತೆಗೆದುಕೊಳ್ಳಿ. 2013ರಲ್ಲಿ ಬ್ರೆಜಿಲ್‌ನ ಸ್ಯಾಂಟೋಸ್ ಬಿಟ್ಟು ಬಾರ್ಸಿಲೋನಾಕ್ಕೆ ಹೋದ. 2017ರಲ್ಲಿ 222 ಮಿಲಿಯನ್ ಯೂರೋಗೆ ಪ್ಯಾರಿಸ್ ಸೇಂಟ್ ಜರ್ಮೇನ್‌ಗೆ ಹೋದ. ಅದು ಇಂದಿಗೂ ದಾಖಲೆ. 2023ರಲ್ಲಿ ಸುಮಾರು 90 ಮಿಲಿಯನ್ ಯೂರೋಗೆ ರಿಯಾದ್‌ನ ಅಲ್ ಹಿಲಾಲ್‌ಗೆ ಹೋದ. ಮೂರನ್ನೂ ಕನ್ನಡದಲ್ಲಿ ಬರೆಯಿರಿ ಎಂದರೆ ನನ್ನ ಕೈ ಹೇಗೆ ಓಡುತ್ತದೆ ಗೊತ್ತಾ? ಮೊದಲನೆಯದಕ್ಕೆ ‘ಸೇರಿದ’. ಎರಡನೆಯದಕ್ಕೆ ‘ಖರೀದಿಸಿತು’. ಮೂರನೆಯದಕ್ಕೆ ಮಾತ್ರ ‘ಆಮಿಷ’. ಹಣ ಜಾಸ್ತಿ ಆಗಿದ್ದಕ್ಕೆ ಪದ ಬದಲಾಯಿತು ಅನ್ನೋಣವೇ? ಎರಡನೆಯ ಸಲದ ಮೊತ್ತ ಮೂರನೆಯದರ ಎರಡರಷ್ಟಕ್ಕಿಂತ ಜಾಸ್ತಿ. ಕೊಲ್ಲಿಯ ಹಣ ಎಂಬ ಕಾರಣಕ್ಕೆ ಅನ್ನೋಣವೇ? ಪ್ಯಾರಿಸ್ ಕ್ಲಬ್ 2011ರಿಂದ ಕತಾರಿನವರ ಕೈಯಲ್ಲೇ ಇದೆ. ಬದಲಾದದ್ದು ಮೈದಾನ ಇರುವ ಊರು ಮಾತ್ರ.

ಇನ್ನೊಂದು ಇದೆ. 2023ರ ಜೂನ್‌ನಲ್ಲಿ ಸೌದಿ ಸರ್ಕಾರದ ಹೂಡಿಕೆ ನಿಧಿ ಅಲ್ ಹಿಲಾಲ್, ಅಲ್ ನಾಸ್ರ್, ಅಲ್ ಇತ್ತಿಹಾದ್, ಅಲ್ ಅಹ್ಲಿ ಈ ನಾಲ್ಕರಲ್ಲಿ ಶೇಕಡಾ 75ರಷ್ಟು ಪಾಲು ತೆಗೆದುಕೊಂಡಿತು. ಅದೇ ನಿಧಿ 2021ರಲ್ಲೇ ಇಂಗ್ಲೆಂಡಿನ ನ್ಯೂಕ್ಯಾಸಲ್ ಯುನೈಟೆಡ್ ಕೊಳ್ಳುವುದರಲ್ಲಿ ಮುಂದಾಳು. ನ್ಯೂಕ್ಯಾಸಲ್ 2022ರಲ್ಲಿ ಸ್ಪೇನ್‌ನ ರಿಯಲ್ ಸೊಸಿಯೆದಾದ್‌ನಿಂದ ಅಲೆಕ್ಸಾಂಡರ್ ಇಸಾಕ್‌ನನ್ನು ತಂದಾಗ ಆಮಿಷ ಎಂಬ ಪದ ನನ್ನ ಮನಸ್ಸಿಗೆ ಬಂದಿರಲೇ ಇಲ್ಲ. ಒಂದೇ ಪೆಟ್ಟಿಗೆಯ ದುಡ್ಡು. ನನ್ನ ಭಾಷೆಯಲ್ಲಿ ಎರಡು ಹೆಸರು. ಇಂಗ್ಲಿಷ್ ಪತ್ರಿಕೆ ಓದಿ, ಅವರ ಬೇಸರವನ್ನೂ ಅನುವಾದ ಮಾಡಿಕೊಂಡು ಬಿಟ್ಟಿದ್ದೇನೆ ಅನ್ನಿಸಿತು.

ಹಾಗಾದರೆ ಬೇರೆ ಯಾವ ಪದ?

‘ಖರೀದಿ’ ಸುಲಭ, ಆದರೆ ಬಹಳ ಸಲ ತಪ್ಪು. ಕ್ಲಬ್ ಕೊಳ್ಳುವುದು ಆಟಗಾರನನ್ನಲ್ಲ. ಅವನ ಕರಾರು ಇನ್ನೂ ಬಾಕಿ ಇದ್ದರೆ ಅದನ್ನು ಬಿಡಿಸಿಕೊಳ್ಳಲು ಹಳೆಯ ಕ್ಲಬ್ಬಿಗೆ ಹಣ ಕೊಡುತ್ತದೆ. ಕರಾರು ಮುಗಿದಿದ್ದರೆ ಆ ಹಣವೇ ಇಲ್ಲ. ಬೆಲ್ಜಿಯಂನ ಜಾನ್ ಮಾರ್ಕ್ ಬೊಸ್ಮಾನ್ ಎಂಬ ಆಟಗಾರ ಕೋರ್ಟಿಗೆ ಹೋಗಿ 1995ರಲ್ಲಿ ಗೆದ್ದದ್ದು ಇದನ್ನೇ. ಬೆಂಜೆಮಾ, ಚೆಲ್ಸಿಯ ಎನ್‌ಗೊಲೊ ಕಾಂಟೆ ಇಬ್ಬರೂ ಕರಾರು ಮುಗಿಸಿ ಹೋದವರು. ಕ್ರಿಸ್ಟಿಯಾನೊ ರೊನಾಲ್ಡೊ ಮ್ಯಾಂಚೆಸ್ಟರ್ ಯುನೈಟೆಡ್ ಜೊತೆ ಕರಾರು ಮುರಿದುಕೊಂಡು, 2022ರ ಡಿಸೆಂಬರ್ ಕೊನೆಗೆ ಅಲ್ ನಾಸ್ರ್ ಸೇರಿದ. ಈ ಮೂವರನ್ನೂ ಯಾರೂ ‘ಖರೀದಿ’ ಮಾಡಲಿಲ್ಲ. ಹಳೆಯ ಕ್ಲಬ್ಬಿಗೆ ಕೊಡುವ ಹಣಕ್ಕೆ ನಾನು ಈಗ ‘ಬಿಡುಗಡೆ ಹಣ’ ಎಂದು ಬರೆಯುತ್ತಿದ್ದೇನೆ. ಮಕ್ಕಳಿಗೆ ತಕ್ಷಣ ಅರ್ಥವಾಗುತ್ತದೆ.

‘ವರ್ಗಾವಣೆ’ ನನಗೆ ಒಪ್ಪಿಗೆಯಿಲ್ಲ. ವರ್ಗಾವಣೆ ಅಂದ ಕೂಡಲೇ ಮೇಷ್ಟ್ರು, ತಹಶೀಲ್ದಾರ್ರು ನೆನಪಾಗುತ್ತಾರೆ. ಮೇಲಿನಿಂದ ಆದೇಶ ಬರುತ್ತದೆ, ಹೋಗಬೇಕು. ಆಟಗಾರ ಒಪ್ಪದೆ ಎಲ್ಲಿಗೂ ಹೋಗುವಂತಿಲ್ಲ. ಅಲ್ ಹಿಲಾಲ್ 2023ರ ಜುಲೈಯಲ್ಲಿ ಕಿಲಿಯನ್ ಎಂಬಾಪೆಗಾಗಿ 300 ಮಿಲಿಯನ್ ಯೂರೋ ಮುಂದಿಟ್ಟಿತು. ಅವನು ಆಡುತ್ತಿದ್ದ ಪ್ಯಾರಿಸ್ ಕ್ಲಬ್ ಮಾತಾಡಿ ಎಂದಿತು. ಅವನು ಒಪ್ಪಲಿಲ್ಲ, ಅಲ್ಲಿಗೆ ಮುಗಿಯಿತು. ಅದೇ ವರ್ಷ ಮೊಹಮ್ಮದ್ ಸಲಾಗಾಗಿ ಅಲ್ ಇತ್ತಿಹಾದ್ ಕೇಳಿದಾಗ ಒಪ್ಪದೆ ಇದ್ದದ್ದು ಅವನಿದ್ದ ಲಿವರ್‌ಪೂಲ್ ಕ್ಲಬ್. ಹೀಗಿರುವಾಗ ‘ಸಲಾ ಆಮಿಷಕ್ಕೆ ಬಲಿಯಾಗಲಿಲ್ಲ’ ಅಂತ ಬರೆದರೆ ಏನು ಅರ್ಥ? ಹಣ ಮುಂದಿಟ್ಟದ್ದು ಯಾರ ಮುಂದೆ, ಬೇಡ ಅಂದದ್ದು ಯಾರು, ಎರಡೂ ಮುಚ್ಚಿಹೋಗುತ್ತದೆ.

‘ಗುಳೆ’ ಎಂದು ಒಂದು ಕಡೆ ಓದಿದೆ. ದಯವಿಟ್ಟು ಬೇಡ. ರಾಯಚೂರು, ಕೊಪ್ಪಳ, ಯಾದಗಿರಿ ಕಡೆಯಿಂದ ಮಳೆಯಿಲ್ಲದ ವರ್ಷ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೋ ಗೋವಾಕ್ಕೋ ಹೋಗುವವರ ಪದ ಅದು. ಅದನ್ನು ಅವರಿಗೇ ಬಿಡೋಣ. ‘ವಲಸೆ’ ಪರವಾಗಿಲ್ಲ, ಆದರೆ ತುಂಬಾ ಅಗಲ. ‘ಸೆಳೆ’ ಒಳ್ಳೆಯ ಪದ. ನದಿಗೂ ಸೆಳೆತ ಇದೆ, ಅದರಲ್ಲಿ ದೂರು ಇಲ್ಲ. ಆದರೆ ಆಮಿಷ, ಖರೀದಿ, ಸೆಳೆ, ಮೂರರಲ್ಲೂ ಕರ್ತೃ ಕ್ಲಬ್ಬೇ. ಆಟಗಾರ ಬರೀ ಕರ್ಮ. ಅವನು ಏನನ್ನೂ ಮಾಡುವುದಿಲ್ಲ, ಅವನಿಗೆ ಏನೋ ಆಗುತ್ತದೆ, ಅಷ್ಟೆ.

ಈ ವ್ಯಾಕರಣದಿಂದ ನಷ್ಟ ಏನು ಅಂತ ಕೇಳಿದರೆ ಒಂದು ಹಳೆಯ ಕಥೆ ಹೇಳುತ್ತೇನೆ. ಸೌದಿ, ಚೀನಾ ಲೀಗ್‌ಗಳ ಕಥೆಗಿಂತ, ಪೆಲೆ 1975ರಲ್ಲಿ ನ್ಯೂಯಾರ್ಕ್ ಕಾಸ್ಮಾಸ್ ಸೇರಿದ್ದಕ್ಕಿಂತಲೂ ಹಳೆಯದು. 1949ರಲ್ಲಿ ಕೊಲಂಬಿಯಾದ ಲೀಗ್ ಜಾಗತಿಕ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮದಿಂದ ಹೊರಗೆ ನಿಂತಿತು. ಹೊರಗಿದ್ದದ್ದರಿಂದ ಹಳೆಯ ಕ್ಲಬ್‌ಗಳಿಗೆ ಬಿಡುಗಡೆ ಹಣ ಕೊಡಬೇಕಾಗಿರಲಿಲ್ಲ. ಆ ಹಣವನ್ನೆಲ್ಲ ಆಟಗಾರರ ಸಂಬಳಕ್ಕೇ ಸುರಿಯಬಹುದಿತ್ತು. ಅರ್ಜೆಂಟೀನಾದಲ್ಲಿ ಆಗ ಆಟಗಾರರ ಮುಷ್ಕರ. ಆಲ್ಫ್ರೆಡೊ ಡಿ ಸ್ಟೆಫಾನೊ ರಿವರ್ ಪ್ಲೇಟ್ ಬಿಟ್ಟು ಬೊಗೊಟಾದ ಮಿಯೊನಾರಿಯೋಸ್‌ಗೆ ಬಂದ. 1950ರಲ್ಲಿ ಇಂಗ್ಲೆಂಡಿನಿಂದಲೂ ಜನ ಬಂದರು. ಸ್ಟೋಕ್ ಸಿಟಿಯ ನೀಲ್ ಫ್ರಾಂಕ್ಲಿನ್ ಇಂಗ್ಲೆಂಡ್ ತಂಡದ ಕಾಯಂ ರಕ್ಷಣಾ ಆಟಗಾರ. ಆ ವರ್ಷದ ವಿಶ್ವಕಪ್ ಬಿಟ್ಟು ಹೋದ. ಮ್ಯಾಂಚೆಸ್ಟರ್ ಯುನೈಟೆಡ್‌ನ ಚಾರ್ಲಿ ಮಿಟನ್ ಕೂಡ ಹೋದ.

ಅವರಿಗೆ ತಾಯ್ನಾಡಿನಲ್ಲಿ ಬಿದ್ದ ಹೆಸರು ‘ಬೊಗೊಟಾ ದರೋಡೆಕೋರರು’. ಅದೇ ಕಾಲವನ್ನು ಕೊಲಂಬಿಯಾದವರು ಕರೆಯುವುದು ‘ಎಲ್ ಡೊರಾಡೊ’, ಚಿನ್ನದ ನಾಡು ಅಂತ. ಈಗ ಕಾರಣ ನೋಡಿ. ಇಂಗ್ಲೆಂಡಿನಲ್ಲಿ ಆಗ ಆಟಗಾರನ ಸಂಬಳಕ್ಕೆ ಮಿತಿ ಇತ್ತು. ಎಷ್ಟೇ ದೊಡ್ಡ ಆಟಗಾರನಾಗಲಿ, ವಾರಕ್ಕೆ 12 ಪೌಂಡ್. ಮೈದಾನದ ತುಂಬ ಜನ, ಟಿಕೆಟ್ ಹಣವೆಲ್ಲ ಕ್ಲಬ್ಬಿಗೆ. ಆ ಮಿತಿ ತೆಗೆದದ್ದು 1961ರಲ್ಲಿ. ವಾಪಸ್ ಬಂದ ಫ್ರಾಂಕ್ಲಿನ್‌ಗೆ ಅಮಾನತು ಸಿಕ್ಕಿತು. ಅವನು ಮತ್ತೆಂದೂ ಇಂಗ್ಲೆಂಡ್ ಪರ ಆಡಲಿಲ್ಲ. ‘ಆಮಿಷಕ್ಕೆ ಬಲಿಯಾದ’ ಎಂದು ಬರೆದರೆ ಈ 12 ಪೌಂಡ್ ಪೂರ್ತಿ ಮಾಯವಾಗುತ್ತದೆ. ಕರೆದವರ ಹಣ ಕಾಣುತ್ತದೆ, ಮನೆಯವರ ಜಿಪುಣತನ ಕಾಣುವುದಿಲ್ಲ. ನನಗೆ ಇದು ನಿಜಕ್ಕೂ ನೋವಿನ ವಿಷಯ.

ಇನ್ನು ನನ್ನ ಸಲಹೆ. ಕರಾವಳಿಯವರಿಗೆ ಇದು ಹೊಸದಲ್ಲ. ಯಕ್ಷಗಾನ ಮೇಳಗಳಲ್ಲಿ ಕಲಾವಿದರು ಮೇಳ ಬದಲಿಸುವುದು ಇದ್ದೇ ಇದೆ. ಮೇ ಕೊನೆಯಲ್ಲಿ ಬರುವ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುತ್ತಾರೆ, ಅಂದರೆ ಆ ವರ್ಷದ ತಿರುಗಾಟ ಮುಗಿಯುತ್ತದೆ. ಮುಂದಿನ ತಿರುಗಾಟ ಶುರುವಾಗುವುದು ಮಳೆಗಾಲ ಮುಗಿದ ಮೇಲೆ. ನಡುವೆ ಮಾತುಕತೆ. ಯುರೋಪಿನಲ್ಲೂ ಹಾಗೆಯೇ, ಒಂದು ಸೀಸನ್ ಮುಗಿದು ಇನ್ನೊಂದು ಶುರುವಾಗುವ ನಡುವಿನ ಬಿಡುವೇ ತಂಡ ಬದಲಿಸುವ ಮುಖ್ಯ ಕಾಲ. ಟಿಕೆಟ್ ಇಟ್ಟು ಆಡುವ ಡೇರೆ ಮೇಳಗಳು ಬಂದಾಗ ಅಲ್ಲಿ ಸಂಬಳ ಜಾಸ್ತಿ ಇತ್ತು. ಬಯಲಾಟದ ಮೇಳಗಳಲ್ಲಿ ಹೆಸರು ಮಾಡಿದ ಎಷ್ಟೋ ಜನ ಅಲ್ಲಿಗೆ ಹೋದರು. ಮುಂದೆ ಆ ಡೇರೆ ಮೇಳಗಳಲ್ಲಿ ಹಲವು ನಿಂತವು.

ನಮ್ಮ ಅಪ್ಪ ಯಕ್ಷಗಾನ ಆಟದ ಹುಚ್ಚಿನವರು. ಅವರ ಬಾಯಲ್ಲಿ ‘ಆಮಿಷ’ ಎಂಬ ಪದ ನಾನು ಕೇಳಿಲ್ಲ. ‘ಈ ತಿರುಗಾಟಕ್ಕೆ ಅವರು ಯಾವ ಮೇಳ?’ ಎಂದು ಕೇಳುತ್ತಿದ್ದರು. ‘ಆ ಮೇಳದವರು ಕರೆದರಂತೆ, ಇವರು ಒಪ್ಪಿದರಂತೆ’ ಎಂದು ಉತ್ತರ. ಬೇಸರ ಇರುತ್ತಿತ್ತು. ತಮ್ಮ ಮೆಚ್ಚಿನ ವೇಷಧಾರಿ ಊರಿನ ಮೇಳ ಬಿಟ್ಟರೆ ಅಪ್ಪ ಎರಡು ದಿನ ಸರಿಯಾಗಿ ಮಾತಾಡುತ್ತಿರಲಿಲ್ಲ. ಆದರೂ ಆ ಮಾತಿನಲ್ಲಿ ಎರಡು ಕ್ರಿಯಾಪದ, ಇಬ್ಬರು ಕರ್ತೃಗಳು. ಅವರು ಕರೆದರು, ಇವರು ಒಪ್ಪಿದರು. ನನಗೆ ಬೇಕಾದದ್ದು ಇದೇ.

ನನ್ನ ಚಿಕ್ಕಪ್ಪನ ಮಗ ಸೌದಿಯ ದಮ್ಮಾಮಿನಲ್ಲಿ ಹನ್ನೆರಡು ವರ್ಷದಿಂದ ಕೆಲಸದಲ್ಲಿದ್ದಾನೆ. ‘ಗಲ್ಫಿಗೆ ಹೋದ’ ಅನ್ನುತ್ತೇವೆ. ಅವನಿಗೆ ಯಾರೋ ಆಮಿಷ ಒಡ್ಡಿದರು ಅನ್ನುವುದಿಲ್ಲ. ಅದೇ ದಮ್ಮಾಮಿನ ಅಲ್ ಇತ್ತಿಫಾಕ್‌ಗೆ 2023ರಲ್ಲಿ ಲಿವರ್‌ಪೂಲ್ ನಾಯಕ ಜೋರ್ಡನ್ ಹೆಂಡರ್ಸನ್ ಹೋದ. ಆರೇ ತಿಂಗಳಲ್ಲಿ ಬಿಟ್ಟು ನೆದರ್ಲೆಂಡ್ಸ್‌ನ ಆಯಾಕ್ಸ್ ಸೇರಿದ.

ಹೆಂಡರ್ಸನ್ ಹೆಸರು ಬಂದದ್ದರಿಂದ ಇನ್ನೊಂದು ಮಾತು ಹೇಳಲೇಬೇಕು. ಅವನ ಮೇಲಿನ ಟೀಕೆ ಹಣದ ಬಗ್ಗೆ ಮಾತ್ರ ಆಗಿರಲಿಲ್ಲ. ಇಂಗ್ಲೆಂಡಿನಲ್ಲಿ ಸಲಿಂಗಿಗಳ ಪರ ನಿಂತವನು, ಅವರನ್ನು ಕಾನೂನೇ ಅಪರಾಧಿಗಳೆನ್ನುವ ದೇಶಕ್ಕೆ ಹೋದನಲ್ಲ ಎಂಬ ಸಂಕಟ ಅದು. 2018ರಲ್ಲಿ ಇಸ್ತಾಂಬುಲ್‌ನ ಸೌದಿ ಕಚೇರಿಯೊಳಗೆ ಪತ್ರಕರ್ತ ಜಮಾಲ್ ಖಶೋಗ್ಗಿ ಕೊಲೆಯಾದರು. ಅಂಥ ಸರ್ಕಾರ ಆಟದ ಮೂಲಕ ಒಳ್ಳೆಯ ಹೆಸರು ಗಳಿಸಲು ನೋಡುತ್ತಿದೆ ಎಂಬ ದೂರು ಗಂಭೀರವಾದದ್ದು. ಅದನ್ನು ಕನ್ನಡದಲ್ಲಿ ಹೇಳಲೇಬೇಕು. ಆದರೆ ಆ ಕೆಲಸವನ್ನು ‘ಆಮಿಷ’ದ ಕೈಲಿ ಮಾಡಿಸಿದರೆ ದೂರು ತಪ್ಪಾದ ಜಾಗಕ್ಕೆ ಹೋಗುತ್ತದೆ. ಸರ್ಕಾರದ ಮೇಲಿನ ಮಾತು ಆಟಗಾರನ ದುರಾಸೆಯ ಮಾತಾಗಿ ಇಳಿದುಬಿಡುತ್ತದೆ. ಇದಕ್ಕೆ ಬೇರೆಯದೇ ಪದ ಬೇಕು. ಗೋಡೆಯ ಕಲೆ ಮುಚ್ಚಲು ‘ಸುಣ್ಣ ಬಳಿಯುವುದು’ ಅನ್ನುತ್ತೇವಲ್ಲ, ಆ ಜಾಡಿನಲ್ಲಿ ‘ಆಟದ ಸುಣ್ಣ’ ಎಂದು ಒಂದು ಸಲ ಬರೆದು ನೋಡಿದೆ. ಮಕ್ಕಳಿಗೆ ಅರ್ಥವಾಯಿತು. ದೊಡ್ಡವರಿಗೆ ಹೇಗೆ ಕೇಳಿಸುತ್ತದೋ ನೀವೇ ಹೇಳಿ.

ಸೌದಿ ಲೀಗ್ ಬಗ್ಗೆ ಬರೆಯುವಾಗ ಬರುವ ‘ಉದಯೋನ್ಮುಖ ಲೀಗ್’ ಕೂಡ ಸ್ವಲ್ಪ ಯೋಚಿಸಬೇಕಾದ ಪದ. ಅಲ್ ಇತ್ತಿಹಾದ್ ಹುಟ್ಟಿದ್ದು 1927ರಲ್ಲಿ. ಅಲ್ ಹಿಲಾಲ್ ನಾಲ್ಕು ಸಲ ಏಷ್ಯಾ ಚಾಂಪಿಯನ್. ಹೊಸದು ದುಡ್ಡು ಮಾತ್ರ. ‘ಹೊಸ ದುಡ್ಡಿನ ಲೀಗ್’ ಎಂದರೆ ನೇರವಾಗಿದೆ. ಆದರೆ ಅಲ್ಪನಿಗೆ ಐಶ್ವರ್ಯ ಬಂದ ಗಾದೆಯ ವಾಸನೆ ಅದಕ್ಕೆ ಹತ್ತಿಕೊಳ್ಳುತ್ತದೆಯೇ ಎಂಬ ಅಳುಕು ನನಗಿದೆ. ಚೀನಾದ ಲೀಗ್‌ಗಾದರೆ ಈ ಹೆಸರು ಸರಿಹೊಂದಬಹುದೇನೋ. 2016ರ ಕೊನೆಗೆ ಚೆಲ್ಸಿಯ ಆಸ್ಕರ್‌ಗಾಗಿ ಶಾಂಘೈ ಕ್ಲಬ್ ಸುಮಾರು 60 ಮಿಲಿಯನ್ ಪೌಂಡ್ ಕೊಟ್ಟಿತ್ತು. 2020ರಲ್ಲಿ ಚಾಂಪಿಯನ್ ಆದ ಜಿಯಾಂಗ್ಸು ಕ್ಲಬ್ ಕೆಲವೇ ತಿಂಗಳಲ್ಲಿ ಬಾಗಿಲು ಹಾಕಿತು. ನಮ್ಮ ಕಡೆ ‘ಮೇಳ ನಿಂತಿತು’ ಅನ್ನುವ ಹಾಗೆ, ಇದನ್ನು ‘ಕ್ಲಬ್ ನಿಂತಿತು’ ಎಂದೇ ಬರೆದಿದ್ದೇನೆ.

ಈಗ ಕೇಳಬೇಕಾದದ್ದು ಇಷ್ಟು. ‘ಕರೆಸಿಕೊಂಡಿತು’, ‘ಒಪ್ಪಿ ಹೋದ’, ‘ತಂಡ ಬದಲಿಸಿದ’ ಇವು ಪತ್ರಿಕೆಯ ತಲೆಬರಹಕ್ಕೂ ನಿಲ್ಲುತ್ತವೆಯೇ, ಅಥವಾ ತೀರಾ ಸಪ್ಪೆಯೇ? ನಾಟಕ ಕಂಪನಿಗಳ ಕಾಲದಲ್ಲಿ ನಟರು ಕಂಪನಿ ಬಿಟ್ಟು ಕಂಪನಿ ಸೇರುವಾಗ ಗದಗ, ಹುಬ್ಬಳ್ಳಿ ಕಡೆ ಏನು ಹೇಳುತ್ತಿದ್ದರು? ಕುಸ್ತಿ ಪೈಲ್ವಾನರು ಗರಡಿ ಬದಲಿಸಿದರೆ ಮೈಸೂರಿನಲ್ಲಿ ಏನನ್ನುತ್ತಾರೆ? ಬಯಲುಸೀಮೆಯ ಮಾತುಗಳು ನನಗೆ ಅಷ್ಟಾಗಿ ತಿಳಿದಿಲ್ಲ. ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ, ಅವರು ಹೇಳಿದ ಹಾಗೆಯೇ ಬರೆದು ಕಳಿಸಿ. ಮುಂದಿನ ಎರಡು ಪುಟ ಅಚ್ಚಾಗುವ ಮೊದಲು ಆ ಹುಡುಗಿಗೆ ಉತ್ತರ ಕೊಡಬೇಕು.