ಸಹಾಯ ಬೇಕು: ಕಾರವಾರವೋ, ಅಂಕೋಲೆಯೋ?

ಎಲ್ಲರಿಗೂ ನಮಸ್ಕಾರ. ನಾವು ಹಾಸನದವರು. ನೌಕಾಪಡೆಯಲ್ಲಿರುವ ನಮ್ಮಣ್ಣನಿಗೆ ಅರ್ಗಾದ ಐಎನ್‌ಎಸ್ ಕದಂಬ ನೆಲೆಗೆ ವರ್ಗವಾಗಿದೆ. ಕ್ವಾರ್ಟರ್ಸ್ ಸಿಗುವವರೆಗೆ ಅತ್ತಿಗೆ, ಮಗುವಿಗೆ ಬಾಡಿಗೆ ಮನೆ ಬೇಕು.

ಕಾರವಾರ ಹತ್ತಿರ, ಜಿಲ್ಲಾ ಕೇಂದ್ರ, ಮೆಡಿಕಲ್ ಕಾಲೇಜಿನ ಆಸ್ಪತ್ರೆಯೂ ಇದೆ. ಅಂಕೋಲೆ ಅದೇ ಹೆದ್ದಾರಿ 66ರಲ್ಲಿ ಸ್ವಲ್ಪ ದೂರ. ಊರು ಚಿಕ್ಕದು, ಬಾಡಿಗೆ ಕಡಿಮೆ ಇರಬಹುದು ಅಲ್ವಾ? ಎರಡೂ ಕಡೆ ಕೊಂಕಣ ರೈಲಿದೆ.

ನನ್ನ ಮನಸ್ಸು ಕಾರವಾರದ ಕಡೆಗೇ. ಮಗುವಿಗೆ 4 ವರ್ಷ, ಉಬ್ಬಸ ಇದೆ. ತಂಡಿ ಗಾಳಿ ತಾಗಿದರೆ ಸಾಕು, ಎದೆ ಗೊರಗೊರ ಅನ್ನುತ್ತದೆ. ರಾತ್ರಿಯೆಲ್ಲ ಅಮ್ಮನ ಹೆಗಲಿಗೆ ಒರಗಿಕೊಂಡೇ ನಿದ್ದೆ. ಅಲ್ಲಿನ ಮಳೆಗಾಲದಲ್ಲೂ ಗೋಡೆ ತೇವ ಹಿಡಿಯದ ಮನೆ, ಮಕ್ಕಳ ಡಾಕ್ಟರು ಹತ್ತಿರವಿರುವ ಬಡಾವಣೆ ಯಾವುದು? ಅಲ್ಲಿ ಇದ್ದು ಬಂದವರು ದಯವಿಟ್ಟು ತಿಳಿಸಿ. ಜೂನ್‌ಗೆ ಮೊದಲೇ ಸಾಮಾನು ಸಾಗಿಸಬೇಕು.