ಸಹಾಯ ಬೇಕು: ಪ್ಲಸ್ ಟು ಮಾತ್ರ ಇದ್ದರೆ ಸೈಬರ್ ಸೆಕ್ಯುರಿಟಿಗೆ ಮೊದಲು ಯಾವ ಪರೀಕ್ಷೆ?

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಹುಡುಗನೊಬ್ಬನ ಪರವಾಗಿ ಕೇಳ್ತಿದ್ದೇನೆ. ಪ್ಲಸ್ ಟು ಆಗಿದೆ, ಡಿಗ್ರಿ ಇಲ್ಲ. ಎಸ್‌ಒಸಿ ಅನಲಿಸ್ಟ್, ಅಂದರೆ ಕಂಪನಿಯ ಕಂಪ್ಯೂಟರ್‌ಗಳ ಮೇಲೆ ದಾಳಿ ಆಗ್ತಿದೆಯೇ ಅಂತ ಕಣ್ಣಿಡುವವ, ಆಗಬೇಕಂತೆ.

8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪಲ್ಲಿ ವರ್ಚುವಲ್‌ಬಾಕ್ಸ್ (ಕಂಪ್ಯೂಟರೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ತಂತ್ರಾಂಶ) ಹಾಕಿ ವಾಝು (ಲಾಗ್ ಕೂಡಿಸಿ ದಾಳಿ ಪತ್ತೆಹಚ್ಚುವ ತಂತ್ರಾಂಶ) ಸರ್ವರ್ ಓಡಿಸಿದ್ದಾಯಿತು. ಅದೊಂದಕ್ಕೇ 8 ಜಿಬಿ ಬೇಕು, ಮೆಮೊರಿ ಸಾಲದೆ ಅದರಲ್ಲಿ ಲಾಗ್ ಕೂಡಿಡುವ ಭಾಗವಾದ ಇಂಡೆಕ್ಸರ್ ನಿಂತುಬಿಡ್ತದೆ. ಈಗ ಬರೀ ವಿಂಡೋಸಲ್ಲಿ ಸಿಸ್‌ಮಾನ್ (ಕಂಪ್ಯೂಟರಲ್ಲಿ ನಡೆಯುವುದನ್ನು ದಾಖಲಿಸುವ ಸಾಧನ) ಹಾಕಿ, ಆ ದಾಖಲೆ ತೋರಿಸುವ ಇವೆಂಟ್ ವ್ಯೂವರ್ ನೋಡಿ ವರದಿ ಬರೀತಾನೆ. ಒಂದೇ ಖಾತೆಗೆ ಸಾಲಾಗಿ 4625 ನಂಬರಿನ ದಾಖಲೆ, ಅಂದರೆ ಲಾಗಿನ್ ವಿಫಲ. ಕೊನೆಗೊಂದು 4624, ಅಂದರೆ ಒಳಗೆ ಹೊಕ್ಕಾಯಿತು. ಯಾರೋ ಪಾಸ್‌ವರ್ಡ್ ಊಹಿಸಿ ನುಗ್ಗಿರಬಹುದು ಅಂತ ಇಷ್ಟು ಹಿಡಿಯಲು ಅವನಿಗೆ ಬರ್ತದೆ, ಇದು ಸಣ್ಣ ಮಾತಲ್ಲ.

ಸಿಕ್ಕಿಬಿದ್ದದ್ದು ಇಲ್ಲಿ: ದುಡ್ಡಿರುವುದು ಒಂದೇ ಪರೀಕ್ಷೆಗೆ. ಸೆಕ್ಯುರಿಟಿ ಪ್ಲಸ್ (ಕಾಂಪ್‌ಟಿಯಾದ ಸೈಬರ್ ಸುರಕ್ಷತೆಯ ಬುನಾದಿ ಪರೀಕ್ಷೆ) 90 ನಿಮಿಷದ್ದು, ಪಾಸಿಗೆ 750 ಅಂಕ, 3 ವರ್ಷಕ್ಕೆ ನವೀಕರಿಸಬೇಕು. ಸಿಸಿಎನ್‌ಎ (ಸಿಸ್ಕೋದ ನೆಟ್‌ವರ್ಕ್ ಪರೀಕ್ಷೆ) ಮಾಡಿದರೆ ನೆಟ್‌ವರ್ಕ್ ಬುಡ ಗಟ್ಟಿಯಾಗ್ತದೆ.

ಮಂಗಳೂರು, ಕೊಚ್ಚಿಯಲ್ಲಿ ಡಿಗ್ರಿ ಇಲ್ಲದವರನ್ನು ಕೆಲಸಕ್ಕೆ ತೆಗೆದುಕೊಂಡವರು ಹೇಳಿ: ಎರಡರಲ್ಲಿ ಮೊದಲು ಯಾವುದು?