ಮೈತ್ರಿಗೆ ಹೊರಟಿದ್ದೇನೆ, ಅಲ್ಲಿ ಸುದ್ದಿ ಹೇಗೆ ತಿಳಿಯುತ್ತದೆ?

ಪ್ರಶ್ನೆ: ನವೆಂಬರ್‌ನಲ್ಲಿ ಅಂಟಾರ್ಕ್ಟಿಕಾದಲ್ಲಿರುವ ಭಾರತದ ಸಂಶೋಧನಾ ಕೇಂದ್ರ ಮೈತ್ರಿಗೆ ಹೊರಡುತ್ತಿದ್ದೇನೆ. ಚಳಿಗಾಲವೂ ಅಲ್ಲೇ. ಪೇಪರ್ ನೋಡದೆ ಕಾಫಿ ಗಂಟಲಲ್ಲಿ ಇಳಿಯದ ಜಾತಿ ನನ್ನದು. ದೇಶದ, ಊರಿನ ಸುದ್ದಿ ಅಲ್ಲಿ ಹೇಗೆ ಸಿಗುತ್ತದೆ? ಹೋಗಿಬಂದವರು ದಯವಿಟ್ಟು ಹೇಳಿ.

ಉತ್ತರ 1
2023ರ ಚಳಿಗಾಲ ಅಲ್ಲೇ ಕಳೆದೆ, ಜನರೇಟರ್ ನೋಡಿಕೊಳ್ಳುವ ಕೆಲಸ. ಹೆದರಬೇಡಿ ಸರ್, ಸುದ್ದಿ ಬರುತ್ತದೆ. ಉಪಗ್ರಹದ ಮೂಲಕ ಇಂಟರ್ನೆಟ್ಟೂ ಇದೆ, ಫೋನೂ ಇದೆ. ಆದರೆ ಊರಿನ ಮೊಬೈಲ್ ಡೇಟಾ ಥರ ಅಂದುಕೊಳ್ಳಬೇಡಿ. ಮೈತ್ರಿ ಇರುವುದು ಸುಮಾರು 71 ಡಿಗ್ರಿ ದಕ್ಷಿಣದಲ್ಲಿ, ಉಪಗ್ರಹ ಇರುವುದು ಭೂಮಧ್ಯರೇಖೆಯ ಮೇಲೆ. ಹಾಗಾಗಿ ಡಿಶ್ ಮುಖ ಎತ್ತಿ ಆಕಾಶ ನೋಡುವುದಿಲ್ಲ, ಎದುರುಮನೆ ಕಿಟಕಿ ಇಣುಕುವ ಹಾಗೆ ಅಡ್ಡಡ್ಡ ನೋಡುತ್ತದೆ. ಇರುವ ಲಿಂಕನ್ನು ಎಲ್ಲರೂ ಹಂಚಿಕೊಳ್ಳಬೇಕು.

ವಿಡಿಯೋ ಆಸೆ ಬಿಡಿ. ಆಗಸ್ಟ್ 23ಕ್ಕೆ ಚಂದ್ರಯಾನ-3 ಇಳಿಯುವುದನ್ನು ನೋಡೋಣ ಅಂತ ಎಲ್ಲರೂ ಊಟದ ಕೋಣೆಯಲ್ಲಿ ಸೇರಿದ್ದೆವು. ಚಿತ್ರ ನಿಂತಲ್ಲೇ ನಿಂತಿತು. ಹಾಸನಕ್ಕೆ ಫೋನ್ ಹಚ್ಚಿದೆ. ಹೆಂಡತಿ ಫೋನನ್ನು ಟಿವಿ ಮುಂದೆ ಹಿಡಿದಳು. ಅಲ್ಲಿ ಚಪ್ಪಾಳೆ ಕೇಳಿಸಿತು, ನಾವೂ ಚಪ್ಪಾಳೆ ತಟ್ಟಿದೆವು. ಏನಾಯ್ತು ಅಂತ ಕೇಳಿದ್ದು ಆಮೇಲೆ!

ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ತಮ್ಮನ ಭಾನುವಾರದ ಮೇಲ್. ಬರೀ ಅಕ್ಷರ, ಒಂದು ಫೋಟೋ ಕೂಡ ಇಲ್ಲ. ನಾಲ್ಕು ಸಾಲು ದೇಶದ್ದು, ಉಳಿದದ್ದೆಲ್ಲ ಬೀದಿಯದ್ದು: ಯಾರ ಮನೆ ಗೃಹಪ್ರವೇಶ, ಮಳೆ ಹೇಗೆ, ಪೇಟೆ ರೇಟು ಎಷ್ಟು. ಆ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿತಲ್ಲ, ನಮ್ಮ ಅಡುಗೆಯವರಿಗೆ ಇಡೀ ವರ್ಷದ ದೊಡ್ಡ ಸುದ್ದಿ ಅದೇ.

ಬರೀ ಹೆಡ್‌ಲೈನ್ ಓದಿದರೆ ಮಾತ್ರ ಕಷ್ಟ. ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್, ಕಾವೇರಿ ಗಲಾಟೆ. ಬೆಂಗಳೂರಿನಲ್ಲಿ ಓದುವ ಮಗಳ ಗತಿ ಏನೋ ಅಂತ ನಾನು ರಾತ್ರಿಯೆಲ್ಲ ಒದ್ದಾಡಿದೆ. ಫೋನ್ ಸಿಕ್ಕಾಗ ಅವಳು ರಜೆ ಸಿಕ್ಕಿತು ಅಂತ ಹಾಯಾಗಿ ಮಲಗಿದ್ದಳು.

ಉತ್ತರ 2
ನೀವೆಲ್ಲ ಪುಣ್ಯವಂತರು. ನಾನು 1986ರಲ್ಲಿ ದಕ್ಷಿಣ ಗಂಗೋತ್ರಿಯಲ್ಲಿದ್ದೆ. ಮೈತ್ರಿಗಿಂತ ಮುಂಚಿನ ಕೇಂದ್ರ, ಆಮೇಲೆ ಹಿಮದಲ್ಲೇ ಹೂತುಹೋಯಿತು. ನಮಗೆ ಶಾರ್ಟ್‌ವೇವ್ ರೇಡಿಯೋ ಒಂದೇ ಗತಿ. ಆಕಾಶದಲ್ಲಿ ಬಣ್ಣದ ಬೆಳಕು ಕುಣಿದ ರಾತ್ರಿ ಅದೂ ಬರೀ ಗೊರಗೊರ. ಚೆರ್ನೊಬಿಲ್ ಅನ್ನುವ ಹೆಸರು ಅರ್ಧಂಬರ್ಧ ಕೇಳಿಸಿ, ಎಲ್ಲಿ ಏನು ಸ್ಫೋಟವಾಯಿತು ಅಂತ ಎರಡು ದಿನ ವಾದ ಮಾಡಿದ್ದೆವು. ಸಿಡಿದದ್ದು ಸೋವಿಯತ್ ಅಣುಸ್ಥಾವರ, ಅದರ ಫೋಟೋ ನೋಡಿದ್ದು ಹಡಗು ಬಂದ ಮೇಲೆ. ಹಡಗಿನಲ್ಲಿ ಬಂದ ಪೇಪರ್ ಕಟ್ಟನ್ನು ತಾರೀಖಿನ ಪ್ರಕಾರ ಜೋಡಿಸಿ, ದಿನಕ್ಕೊಂದರಂತೆ ಓದುತ್ತಿದ್ದೆವು. ಮುಂದಿನದನ್ನು ಕದ್ದು ಓದಿದವನಿಗೆ ಪಾತ್ರೆ ತೊಳೆಯುವ ಶಿಕ್ಷೆ!

ಈಗಲೂ ಒಂದು ಚಿಕ್ಕ ರೇಡಿಯೋ ಜೊತೆಗಿರಲಿ. ಜೂನ್ 21ಕ್ಕೆ, ಅಂದರೆ ಅಲ್ಲಿನ ನಡುಚಳಿಗಾಲದ ದಿನ, ಬಿಬಿಸಿಯವರು ಬ್ರಿಟಿಷ್ ಕೇಂದ್ರಗಳಲ್ಲಿ ಇರುವವರಿಗೆ ಅಂತ ಶಾರ್ಟ್‌ವೇವ್‌ನಲ್ಲಿ ಅರ್ಧ ಗಂಟೆಯ ಕಾರ್ಯಕ್ರಮ ಮಾಡುತ್ತಾರೆ. ಮನೆಯವರ ಶುಭಾಶಯ, ಹಾಡು. ನಮ್ಮದಲ್ಲದಿದ್ದರೂ ಕೇಳಲು ಖುಷಿ.

ಉತ್ತರ 3
ನಾನು ಹೋಗಿದ್ದು ಉತ್ತರ ಧ್ರುವದ ಕಡೆಗೆ, ನಾರ್ವೆಯ ನ್ಯೂ-ಓಲೆಸುಂಡ್‌ನಲ್ಲಿರುವ ನಮ್ಮ ದೇಶದ ಹಿಮಾದ್ರಿ ಕೇಂದ್ರಕ್ಕೆ. ಅಲ್ಲಿ ಕೇಬಲ್ ಇಂಟರ್ನೆಟ್ ಜೋರಾಗಿದೆ, ಆದರೆ ವೈಫೈ, ಬ್ಲೂಟೂತ್ ಎರಡೂ ನಿಷೇಧ. ರೇಡಿಯೋ ದೂರದರ್ಶಕಕ್ಕೆ ತೊಂದರೆ ಆಗುತ್ತದಂತೆ. ಸುದ್ದಿ ಬೇಕಾದರೆ ವೈರ್ ಇರುವ ಮೇಜಿಗೇ ಹೋಗಿ ಕೂರಬೇಕು. ಹಾಸಿಗೆಯಲ್ಲಿ ಮಲಗಿ ಮೊಬೈಲ್ ತಿಕ್ಕುವ ಚಟ ತಾನಾಗೇ ಬಿಟ್ಟಿತು.

ಉತ್ತರ 4
ನಾನು ಹೋದವಳಲ್ಲ, ಮೈಸೂರಿನಲ್ಲೇ ಇದ್ದು ಕಾದವಳು. ನಮ್ಮವರು ಅಲ್ಲಿದ್ದಾಗ ಅತ್ತೆಗೆ ಜಾರಿ ಬಿದ್ದು ಸೊಂಟದ ಆಪರೇಷನ್ ಆಯಿತು. ಸುಮ್ನೆ ಅಷ್ಟು ದೂರದಲ್ಲಿ ಯಾಕೆ ಕೊರಗಬೇಕು ಅಂತ ನಾವು ಹೇಳಲಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ನೆಂಟರು "ಅಮ್ಮ ಬೇಗ ಓಡಾಡುವಂತಾಗಲಿ" ಅಂತ ಹಾಕಿಬಿಟ್ಟರು! ಆಮೇಲೆ ನಾಲ್ಕು ದಿನ ಲಿಂಕ್ ಸರಿ ಇರಲಿಲ್ಲ. ಅವರು ಆ ಒಂದೇ ಸಾಲು ಇಟ್ಟುಕೊಂಡು ನಾಲ್ಕು ದಿನ ಕಳೆದರು. ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಹಾಗಾಗಿ ಹೊರಡುವ ಮೊದಲೇ ಮನೆಯವರ ಜೊತೆ ಕೂತು, ಯಾವ ಸುದ್ದಿ ಹೇಳಬೇಕು, ಯಾರು ಹೇಳಬೇಕು ಅಂತ ತೀರ್ಮಾನ ಮಾಡಿಕೊಳ್ಳಿ. ಫ್ಯಾಮಿಲಿ ಗ್ರೂಪಿನಿಂದ ಒಂದು ವರ್ಷ ಆಚೆ ಬನ್ನಿ.

ಹಾಂ, ನವೆಂಬರ್ ಅಂದ್ರಲ್ಲ? ಅಷ್ಟರಲ್ಲಿ ದೀಪಾವಳಿ ವಿಶೇಷಾಂಕಗಳು ಬಂದಿರುತ್ತವೆ. ನಾಲ್ಕೈದು ಹಾಕಿಕೊಳ್ಳಿ, ಕಾಫಿಗೆ ಆಗುತ್ತದೆ.